ದಿನಚರಿಯ ಹದಿನೇಳನೇ ಪುಟ

ನಿಕ್ಲಾಳ ಹಣೆಗೆ ಮೊದಲ ವಾರವೇ ಕಬ್ಬಿಣದ ನಟ್ಟು ಬಿತ್ತು. ಬೋರ್ಡಿನ ಮೇಲೆ ಒಂದು ಹಳೇ ಹಸ್ತಪ್ರತಿಯ ಇಸವಿ ಬರೆದು ಅವಳು ಈ ಕಡೆ ತಿರುಗಿದಳು. ಅಷ್ಟರಲ್ಲಿ ಎಡಗಡೆಯಿಂದ ಅದು ಹಾರಿ ಬಂತು. ಹುಬ್ಬಿನ ಮೇಲೆ ಟಕ್ಕಂತ ಸದ್ದಾಯಿತು, ರಕ್ತ ಕಣ್ಣಿಗಿಳಿಯಿತು. ಇಪ್ಪತ್ತೆರಡು ಹುಡುಗರು ಡೆಸ್ಕು ಬಡಿದು ನಕ್ಕರು.

ನಾನು ಕಡೇ ಬೆಂಚಿನಲ್ಲಿ ಕೂತಿದ್ದೆ. ಅದೇ ನನ್ನ ಕೆಲಸವಾಗಿತ್ತು. ಸಾಹಿತ್ಯದಲ್ಲಿ ಪದವಿ ಮುಗಿಸಿ ಶಾಲೆಯಲ್ಲಿ ಇಟಾಲಿಯನ್ ಸಾಹಿತ್ಯ ಕಲಿಸಬೇಕು ಎನ್ನುವವರನ್ನು ವಿಶ್ವವಿದ್ಯಾಲಯದವರು ನಮ್ಮಂಥ ಹಳಬರ ತರಗತಿಗೆ ಕಳಿಸುತ್ತಿದ್ದರು. ಅವರು ಮೊದಲು ಸುಮ್ಮನೆ ನೋಡಬೇಕು, ಆಮೇಲೆ ಪಾಠ ಮಾಡಬೇಕು, ಆಯಾ ದಿನ ಕಂಡದ್ದನ್ನು ದಿನಚರಿಯಲ್ಲಿ ಬರೆಯಬೇಕು. ಪ್ರತಿ ಪುಟಕ್ಕೂ ನಾನು ಸಹಿ ಹಾಕಬೇಕು. ಸಹಿಯಿಲ್ಲದ ಪುಟದ ಗಂಟೆಗಳು ಗಣನೆಗಿಲ್ಲ, ಗಂಟೆ ತುಂಬದಿದ್ದರೆ ಕೊನೆಯ ಪರೀಕ್ಷೆಗೆ ಕೂರುವ ಹಾಗಿಲ್ಲ. ಆ ಎರಡು ಸಾವಿರದ ಎರಡನೇ ಇಸವಿಯ ಹೊತ್ತಿಗೆ ನಾನು ತಾರಾಂತೊ ಎಂಬ ಬಂದರು ನಗರದ ಆ ಒಂದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದೆ. ಮೆಕ್ಯಾನಿಕ್ಕು, ಫಿಟ್ಟರು ಕೆಲಸ ಕಲಿಸುವ ಶಾಲೆ ಅದು. ಉಕ್ಕಿನ ಕಾರ್ಖಾನೆ ಪಕ್ಕದ ಬಡಾವಣೆ. ಬೆಳಿಗ್ಗೆ ಒರೆಸಿದ ಡೆಸ್ಕಿನ ಮೇಲೆ ಮಧ್ಯಾಹ್ನಕ್ಕೆ ಬೆರಳಾಡಿಸಿದರೆ ಕೆಂಪು ಧೂಳಿನಲ್ಲಿ ಹೆಸರು ಬರೆಯಬಹುದು.

ನಾನು ಎದ್ದು ಹೋಗಿ ಮೊದಲು ಕಂಡವನ ಕೆನ್ನೆಗೆ ಬಾರಿಸಿದೆ. ಎಸೆದವನು ಅವನಲ್ಲ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ನಗು ನಿಂತಿತು. ನಿಕ್ಲಾಳನ್ನು ಕೈಹಿಡಿದು ಸಿಬ್ಬಂದಿ ಕೋಣೆಗೆ ಕರೆದುಕೊಂಡು ಹೋಗಿ ನಲ್ಲಿ ಕೆಳಗೆ ತಲೆ ಬಗ್ಗಿಸಿದೆ.

"ಇವತ್ತಿನ ಪಾಠ ಏನು ಗೊತ್ತಾಯ್ತಾ?" ಅಂದೆ. "ಬೆನ್ನು ತೋರಿಸಬಾರದು. ಇಸವಿ ಬರೀಬಾರದು. ಇವರಿಗೆ ಇಸವಿ ಅಂದ್ರೆ ಜೈಲಿಗೆ ಹೋಗಿದ್ದು, ಜೈಲಿಂದ ಬಂದಿದ್ದು, ಅಷ್ಟೇ."

"ಮೇಡಂ, ನೀವು ಹೊಡೆದ ಹುಡುಗ ಎಸೆದಿರಲಿಲ್ಲ," ಅಂದಳು ಅವಳು, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾರಾದ್ರೇನಮ್ಮ. ಸದ್ದು ನಿಲ್ತೋ ಇಲ್ವೋ?"

ಸಂಜೆ ಅವಳು ದಿನಚರಿ ತಂದು ಮುಂದಿಟ್ಟಳು. 'ಮಾರ್ಗದರ್ಶಿ ಶಿಕ್ಷಕಿ ತಪ್ಪಿತಸ್ಥನಲ್ಲದ ವಿದ್ಯಾರ್ಥಿಯ ಕೆನ್ನೆಗೆ ಹೊಡೆದರು. ತರಗತಿ ಶಾಂತವಾಯಿತು' ಎಂದು ಬರೆದಿದ್ದಳು. ನಾನು ನಕ್ಕು ಸಹಿ ಹಾಕಿದೆ. ಹುಡುಗಿಗೆ ಧೈರ್ಯವಿದೆ ಅಂದುಕೊಂಡೆ. ಧೈರ್ಯ ಎಂದರೆ ಏನು ಅಂತ ನನಗೆ ಆಗ ಗೊತ್ತಿದ್ದದ್ದು ಅಷ್ಟೇ.

ನಿಕ್ಲಾ ಸೆಮೆರಾರೊ, ಇಪ್ಪತ್ತೇಳು ವರ್ಷ. ಮಾರ್ತಿನಾ ಫ್ರಾಂಕಾ ಊರಿನವಳು, ಕಸಾಯಿಯ ಮಗಳು. ಕುಳ್ಳಗೆ, ತೆಳ್ಳಗೆ, ಮೆಲುದನಿ. ಹಳೆಯ ಕಾವ್ಯದ ಮೇಲೆ ಪ್ರಬಂಧ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ನನ್ನ ಕೈಕೆಳಗೆ ಬಂದ ಹದಿಮೂರು ಜನರಲ್ಲಿ ಐವರು ಅರ್ಧಕ್ಕೇ ಬಿಟ್ಟು ಹೋಗಿದ್ದರು. ಇವಳು ಆರನೆಯವಳು ಎಂದು ನಾನು ಲೆಕ್ಕ ಹಾಕಿಬಿಟ್ಟಿದ್ದೆ.

ಆದರೆ ಮಾರನೇ ದಿನ ಹುಬ್ಬಿನ ಮೇಲೆ ಮೂರು ಹೊಲಿಗೆ ಹಾಕಿಸಿಕೊಂಡು ಎಂಟು ಗಂಟೆಗೆ ಸರಿಯಾಗಿ ಬಂದಳು. ಪುಸ್ತಕ ತೆರೆಯಲಿಲ್ಲ. ಬಾಗಿಲ ಹತ್ತಿರ, ಬೆನ್ನು ಗೋಡೆಗೆ ಕೊಟ್ಟು ನಿಂತಳು.

"ನಮ್ಮಪ್ಪ ವಾರಕ್ಕೆ ಹನ್ನೆರಡು ಕುರಿಮರಿ ಕೊಯ್ತಾರೆ," ಅಂದಳು. "ನಾನು ಒಂಬತ್ತನೇ ವಯಸ್ಸಿಗೇ ಕಾಲು ಹಿಡ್ಕೊಂಡಿದ್ದೆ. ಚಾಕು ಎಲ್ಲಿ ಇಡಬೇಕು ಅಂತ ಗೊತ್ತಿಲ್ದೋನು ಕೊಯ್ದರೆ ಮರಿ ನಾಲ್ಕು ನಿಮಿಷ ಒದ್ದಾಡುತ್ತೆ. ಗೊತ್ತಿರೋನು ಕೊಯ್ದರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗೀತು. ಕವಿತೇನೂ ಹಂಗೇ. ಪದ ಎಲ್ಲಿ ಇಡಬೇಕು ಅಂತ ಗೊತ್ತಿರಬೇಕು."

"ಮಿಸ್ಸು ಕಟುಕರ ಮಗಳಂತೆ ಕಣ್ರೋ!" ಎಂದು ಯಾರೋ ಕೂಗಿದರು. ಆದರೆ ಆ ಕೂಗಿನಲ್ಲಿ ಮರ್ಯಾದೆ ಇತ್ತು. ಅವತ್ತಿನಿಂದ ಅವಳ ಮೇಲೆ ಯಾರೂ ಏನೂ ಎಸೆಯಲಿಲ್ಲ. ನಾನು ಇಪ್ಪತ್ತಾರು ವರ್ಷದಲ್ಲಿ ಕೈ ಎತ್ತಿ ಗಳಿಸಿದ ಮೌನಕ್ಕಿಂತ ಅದು ಬೇರೆ ಥರದ ಮೌನ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಆ ತರಗತಿಯಲ್ಲಿ ಇಬ್ಬರು ಹುಡುಗರನ್ನು ನಾನು ಎರಡು ಮೂಲೆಯಲ್ಲಿ ಕೂರಿಸಿದ್ದೆ. ಕಿಟಕಿ ಪಕ್ಕ ಎಜಿದಿಯೊ ಮರಂಜಿ. ಬಾಗಿಲ ಪಕ್ಕ ತೊನಿನೊ ಕಫೋರಿಯೊ. ಇಬ್ಬರಿಗೂ ಹದಿನೇಳು. ಎರಡು ವರ್ಷದ ಹಿಂದೆ ಎಜಿದಿಯೊನ ಅಣ್ಣ ಕತಾಲ್ದೊನನ್ನು ಮೀನು ಮಾರುಕಟ್ಟೆಯಲ್ಲಿ, ಬೆಳಗಿನ ಹತ್ತು ಗಂಟೆಗೆ, ಮೂರು ಗುಂಡು ಹೊಡೆದು ಕೊಂದಿದ್ದರು. ನಲವತ್ತು ಜನ ಇದ್ದರು, ಒಬ್ಬರೂ ನೋಡಲಿಲ್ಲ. ಕೊಲ್ಲಿಸಿದವನು ತೊನಿನೊನ ಅಪ್ಪ ಒರೋಂಜೊ ಕಫೋರಿಯೊ ಎಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರಿಗೊಬ್ಬರಿಗೆ ಗೊತ್ತಿರಲಿಲ್ಲ. ಇಬ್ಬರನ್ನೂ ಬೇರೆ ಬೇರೆ ತರಗತಿಗೆ ಹಾಕಿ ಎಂದು ನಾನು ಪ್ರಾಂಶುಪಾಲರಿಗೆ ಎರಡು ಸಲ ಬರೆದುಕೊಟ್ಟಿದ್ದೆ. "ಹಾಗೆ ಮಾಡಿದರೆ ಅದೆಲ್ಲ ನಮಗೆ ಗೊತ್ತು ಅಂತ ಒಪ್ಪಿಕೊಂಡ ಹಾಗಾಗುತ್ತೆ ಎರ್ಸಿಲಿಯಾ," ಅಂದಿದ್ದರು ಅವರು.

ಮಾರ್ಚ್ ತಿಂಗಳಲ್ಲಿ ನಿಕ್ಲಾ ತನ್ನ ಪಾಠದ ಯೋಜನೆ ತಂದಳು. ಅವಳು ಆರಿಸಿದ್ದು ಪಠ್ಯಪುಸ್ತಕದ ಒಂದು ಹಳೇ ಲಾವಣಿ. ಬರೆದವರು ಯಾರೆಂದು ಗೊತ್ತಿಲ್ಲ. ನಾನು ಪ್ರತಿ ವರ್ಷ ಆ ಎರಡು ಪುಟ ಹಾರಿಸಿ ಮುಂದೆ ಹೋಗುತ್ತಿದ್ದೆ. ಕೊಲೆಯಾದ ಹಿರಿಮಗನ ರಕ್ತದ ಅಂಗಿಯನ್ನು ತಾಯಿ ಬಾಗಿಲಿಗೆ ನೇತುಹಾಕುತ್ತಾಳೆ. ಕಿರಿಯವನು ದಿನವೂ ಅದರಡಿ ತಲೆ ಬಗ್ಗಿಸಿ ಹೊರಗೆ ಹೋಗಬೇಕು.

"ಇದು ಬೇಡ," ಅಂದೆ. "ಬೇರೆ ತಗೋ. ಪ್ರೇಮದ್ದು ತಗೋ, ಋತು ವರ್ಣನೆ ತಗೋ. ಇದು ಬೇಡ ನಿಕ್ಲಾ."

"ಮೇಡಂ, ಇಡೀ ಪುಸ್ತಕದಲ್ಲಿ ಇವರಿಗೆ ಅರ್ಥ ಆಗೋ ಪುಟ ಇದೊಂದೇ."

"ಅದಕ್ಕೇ ಬೇಡ ಅಂತಿರೋದು."

"ಹಂಗಾದ್ರೆ ಸಾಹಿತ್ಯ ಯಾಕೆ ಕಲಿಸ್ಬೇಕು? ಅರ್ಥ ಆಗದೇ ಇರೋದನ್ನೇ ಕಲಿಸೋದಾದ್ರೆ?" ಅವಳ ದನಿ ಏರಲಿಲ್ಲ. "ಕೊನೇ ಪದ್ಯ ನಾನು ಓದಲ್ಲ. ತಮ್ಮ ಬಾವಿ ಹತ್ರ ಕೊಂದವನನ್ನ ನೋಡ್ತಾನಲ್ಲ, ಅಲ್ಲಿಗೆ ನಿಲ್ಲಿಸ್ತೀನಿ. ಮುಂದೇನಾಗುತ್ತೆ ಅಂತ ಅವರೇ ಬರೀಲಿ. ಕೊಲ್ಲಬೇಕಾ, ಬೇಡವಾ, ಅವರೇ ಯೋಚನೆ ಮಾಡ್ಲಿ. ಎಜಿದಿಯೊ ತಲೇಲಿ ದಿನಾ ಇರೋದೇ ಅದು. ಕಾಗದದ ಮೇಲಾದ್ರೂ ಬರ್ಲಿ."

ಬೇಡ ಎನ್ನುವ ಅಧಿಕಾರ ನನಗಿತ್ತು. ಯೋಜನೆಯ ಹಾಳೆಗೆ ನಾನು ಒಪ್ಪಿಗೆ ಹಾಕದಿದ್ದರೆ ಅವಳು ಆ ಪಾಠ ಮಾಡುವಂತಿರಲಿಲ್ಲ. ಹಾಕಿದೆ. ಅವಳ ವಾದ ಸರಿ ಅನ್ನಿಸಿ ಹಾಕಿದೆನೋ, ಒಮ್ಮೆ ಮುಗ್ಗರಿಸಲಿ ಎಂದು ಹಾಕಿದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಗುರುವಾರ ಮೂರನೇ ಪಿರಿಯಡ್ಡು. ಗಾಳಿ ಕಾರ್ಖಾನೆ ಕಡೆಯಿಂದ ಬೀಸುತ್ತಿತ್ತು, ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. ನಮ್ಮ ಕಿಟಕಿಗಳು ಎತ್ತರದಲ್ಲಿದ್ದವು. ಮುಚ್ಚಿ ತೆರೆಯಲು ತುದಿಗೆ ಕಬ್ಬಿಣದ ಕೊಕ್ಕೆಯಿದ್ದ ಉದ್ದನೆಯ ಕೋಲು ಬೇಕು. ಅದನ್ನು ನನ್ನ ಪಕ್ಕದ ಗೋಡೆಗೆ ಒರಗಿಸಿ ಕೂತೆ.

ನಿಕ್ಲಾ ಓದಿದಳು. ವಿವರಣೆ ಇಲ್ಲ, ಪೀಠಿಕೆ ಇಲ್ಲ, ಸೀದಾ ಓದು. ಅದನ್ನು ಅವಳಿಗೆ ಕಲಿಸಿದ್ದು ನಾನೇ.

'ಅಂಗಿ ಒಗೆಯೆನು ಮಗನೆ, ನೀರು ಸಾಲದು ಬಾವಿಯೊಳಗೆ;
ಒಗೆವ ನೀರು ಹರಿಯುತಿಹುದು ಇನ್ನೊಬ್ಬ ತಾಯ ಮಗನೊಳಗೆ.'

ಎಜಿದಿಯೊ ಡೆಸ್ಕಿನ ಅಂಚನ್ನು ಎರಡೂ ಕೈಯಿಂದ ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದ. ಬಾವಿಯ ಹತ್ತಿರ ಬಂದು ಅವಳು ಪುಸ್ತಕ ಮುಚ್ಚಿದಳು.

"ಇಲ್ಲಿಗೆ ಸಾಕು. ತಮ್ಮನ ಕೈಯಲ್ಲಿ ಚಾಕು ಇದೆ. ಕೊಂದವನು ಬಗ್ಗಿ ನೀರು ಕುಡೀತಿದ್ದಾನೆ. ಮುಂದೆ ಏನಾಗುತ್ತೆ, ನೀವು ಬರೀರಿ. ಅರ್ಧ ಗಂಟೆ ಟೈಮು."

ಹಾಳೆ ಸರಿಸುವ ಸದ್ದು. ನಿಜವಾಗಿಯೂ ಬರೆಯತೊಡಗಿದರು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯಲ್ಲಿ ಅಷ್ಟು ತಲೆ ಒಟ್ಟಿಗೆ ಕಾಗದದ ಮೇಲೆ ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಆಗ ಬಾಗಿಲ ಕಡೆಯಿಂದ ತೊನಿನೊ, ಪೆನ್ನು ಕಚ್ಚಿಕೊಂಡೇ, ಯಾರಿಗೂ ಹೇಳದವನ ಹಾಗೆ ಹೇಳಿದ:

"ಬರೆಯೋಕೇನಿದೆ. ಮರಂಜಿನ ಕೇಳಿ ಮಿಸ್. ಅವರಮ್ಮ ಇನ್ನೂ ಶರ್ಟು ಒಗೆದಿಲ್ವಂತೆ. ವಾಸನೆ ಮೆಟ್ಟಿಲಿಗೇ ಬಡಿಯುತ್ತಂತೆ. ತಮ್ಮ ಮಾತ್ರ ಮೂಗು ಮುಚ್ಕೊಂಡು ಸ್ಕೂಲಿಗೆ ಬರ್ತಾನೆ."

ಒಬ್ಬ ನಕ್ಕ. ಒಬ್ಬನೇ.

ಎಜಿದಿಯೊ ಎದ್ದದ್ದು ನನಗೆ ಕಾಣಲಿಲ್ಲ. ಕಂಡದ್ದು ಡೆಸ್ಕುಗಳ ಮೇಲೆ ಅವನ ಬೂಟುಗಳು. ಒಂದು, ಎರಡು, ಮೂರನೇ ಡೆಸ್ಕಿನ ಮೇಲಿಂದ ತೊನಿನೊನ ಮೈಮೇಲೆ ಹಾರಿದ. ಇಬ್ಬರೂ ಕುರ್ಚಿ ಸಮೇತ ಬಿದ್ದರು. ಎಜಿದಿಯೊನ ಕೈಯಲ್ಲಿ ವರ್ಕ್‌ಶಾಪಿನ ಅರ ಇತ್ತು. ಕಬ್ಬಿಣ ಉಜ್ಜುವ ಅರವನ್ನು ಅವನು ಎಷ್ಟು ದಿನದಿಂದ ಮಸೆದಿದ್ದನೋ, ತುದಿ ಸೂಜಿ, ಒಂದು ಅಂಚು ಕತ್ತಿ. ಮೊದಲ ತಿವಿತ ತೊನಿನೊನ ಕತ್ತಿನ ಬುಡದಲ್ಲಿ ಇಳಿಯಿತು. ರಕ್ತ ಚಿಮ್ಮಿ ಬಾಗಿಲ ಗಾಜಿಗೆ ಬಿತ್ತು. ಎರಡನೆಯದು ಭುಜಕ್ಕೆ. ಮೂಳೆಗೆ ತಾಗಿದ ಸದ್ದು ನನಗೆ ಕಡೇ ಬೆಂಚಿಗೆ ಕೇಳಿಸಿತು. ತೊನಿನೊ ಕಿರುಚುತ್ತಿರಲಿಲ್ಲ. ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ, ದಡಕ್ಕೆ ಬಿದ್ದ ಮೀನಿನ ಹಾಗೆ. ಹುಡುಗರು ಗೋಡೆಗೆ ಒತ್ತಿ ನಿಂತರು.

ನಾನು ಕದಲಲಿಲ್ಲ. ನನ್ನ ಕಾಲು ನನ್ನವಾಗಿರಲಿಲ್ಲ.

ನಿಕ್ಲಾ ಓಡಿ ಹೋಗಿ ಎಜಿದಿಯೊನ ಬೆನ್ನ ಮೇಲೆ ಬಿದ್ದಳು. ಮೂರನೇ ತಿವಿತಕ್ಕೆ ಅವನ ಕೈ ಮೇಲೆದ್ದಾಗ ಅರವನ್ನೇ, ಅದರ ಅಂಚನ್ನೇ, ಬಲಗೈಯಲ್ಲಿ ಹಿಡಿದಳು. ಅವನು ಎಳೆದ. ಅವಳು ಬಿಡಲಿಲ್ಲ. ಅವಳ ಮುಷ್ಟಿಯೊಳಗಿಂದ ರಕ್ತ ಇಳಿದು ಅವನ ತೋಳಿನುದ್ದಕ್ಕೂ ಹರಿಯಿತು. ಅವನು ತಿರುಗಿ ನೋಡಿದ. ಏನೋ ಅಂದ. ಅರ ನೆಲಕ್ಕೆ ಬಿದ್ದು ಠಣ್ಣೆಂದಿತು.

ಆ ಸದ್ದಿಗೆ ನನ್ನ ಕಾಲು ನನಗೆ ವಾಪಸ್ಸು ಸಿಕ್ಕಿತು. ಕೋಲು ತೆಗೆದುಕೊಂಡು ಹೋದೆ. ಎಜಿದಿಯೊ ಎರಡೂ ಕೈ ಖಾಲಿ ಬಿಟ್ಟು ನಿಂತಿದ್ದ. ಹೊಡೆದೆ. ಕೊಕ್ಕೆಯಿದ್ದ ತುದಿ ಅವನ ಎಡಗಿವಿಗೆ ಬಿತ್ತು. ಅವನು ಕುಸಿದ. ಮತ್ತೆ ಹೊಡೆದೆ, ಹೆಗಲಿಗೆ. ಮೊಣಕಾಲ ಮೇಲೆ ಕೂತು ತಲೆ ಮುಚ್ಚಿಕೊಂಡವನ ಬೆನ್ನಿಗೆ ಮೂರನೇ ಸಲ ಹೊಡೆದೆ, ಕೋಲು ಮುರಿಯಿತು. ನಾನು ಹೆದರಿ ಹೊಡೆಯಲಿಲ್ಲ. ಮೊದಲ ಹೊಡೆತಕ್ಕೆ ನನ್ನೊಳಗೆ ಏನೋ ಸಡಿಲವಾಯಿತು. ಎರಡನೆಯದಕ್ಕೆ ಹಿತವಾಯಿತು. ಇಪ್ಪತ್ತಾರು ವರ್ಷದ ನಟ್ಟು, ಬೋಲ್ಟು, ನಗು, ಬೈಗುಳ, ಪಂಕ್ಚರಾದ ಸೈಕಲ್ ಚಕ್ರ, ಎಲ್ಲವನ್ನೂ ಆ ಒಬ್ಬ ಹುಡುಗನ ಬೆನ್ನ ಮೇಲೆ ಇಳಿಸಿದೆ.

"ಮೇಡಂ!" ಎಂದು ನಿಕ್ಲಾ ಕಿರುಚಿದಳು. ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ತೊನಿನೊ ಬದುಕಿದ. ಅರ ಕತ್ತಿನ ದೊಡ್ಡ ರಕ್ತನಾಳಕ್ಕಿಂತ ಒಂದು ಬೆರಳಿನಷ್ಟು ಪಕ್ಕಕ್ಕೆ ಇಳಿದಿತ್ತು. ಎಜಿದಿಯೊನ ಎಡಗಿವಿಯ ತಮಟೆ ಹರಿದಿತ್ತು. ನಿಕ್ಲಾಳ ಬಲಗೈಯ ಎರಡು ಬೆರಳಿನ ನರ ತುಂಡಾಗಿದ್ದವು.

ಪೊಲೀಸರು ಕೇಳಿದಾಗ ನಾನು ಹೇಳಿದೆ: "ಅವನು ಮತ್ತೆ ತಿವಿಯೋಕೆ ಹೋಗ್ತಿದ್ದ. ನಾನು ಕೋಲಿನಿಂದ ಹೊಡೆದೆ. ಅರ ಕೆಳಗೆ ಬಿತ್ತು." ಬರೆದುಕೊಂಡರು, ಸಹಿ ಮಾಡಿದೆ. ಇಪ್ಪತ್ತು ಹುಡುಗರನ್ನೂ ಕೇಳಿದರು. ಒಬ್ಬೊಬ್ಬರೂ ತಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ ಅಂದರು. ಎಜಿದಿಯೊ ಕೂಡ ಬಾಯಿ ಬಿಡಲಿಲ್ಲ. ಯಾರು ಹೊಡೆದರು ಅಂದರೆ "ಬಿದ್ದೆ" ಅಂದನಂತೆ. ಅವರ ಮನೆಯಲ್ಲಿ ಪೊಲೀಸರ ಮುಂದೆ ಯಾರ ಹೆಸರೂ ಹೇಳುವ ಪದ್ಧತಿಯಿರಲಿಲ್ಲ, ಹೊಡೆದವರ ಹೆಸರು ಕೂಡ.

ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. 'ಪ್ರಾಣ ಉಳಿಸಿದ ಶಿಕ್ಷಕಿ.' ಬ್ರೆಡ್ ಅಂಗಡಿಯವನು ದುಡ್ಡು ತೆಗೆದುಕೊಳ್ಳಲಿಲ್ಲ. ಪ್ರಾಂಶುಪಾಲರು ಎಲ್ಲರೆದುರು ನನ್ನ ಕೈ ಕುಲುಕಿದರು. ಮೂರು ವಾರ ನಾನು ತಲೆಯೆತ್ತಿ ನಡೆದೆ. ಆ ಹೊತ್ತಿಗೆ ನಾನೇ ನಂಬಿಬಿಟ್ಟಿದ್ದೆ. ಮೊದಲು ಕೋಲು, ಆಮೇಲೆ ಠಣ್ಣೆಂಬ ಸದ್ದು.

ಏಪ್ರಿಲ್ ಕೊನೆಯಲ್ಲಿ ನಿಕ್ಲಾ ಮನೆಗೆ ಬಂದಳು. ಬಲಗೈಗೆ ಪಟ್ಟಿ, ಕಂಕುಳಲ್ಲಿ ದಿನಚರಿ. ಅವಳಪ್ಪ ಕಳಿಸಿದ್ದ ಒಣಮಾಂಸದ ಪೊಟ್ಟಣ ಮೇಜಿನ ಮೇಲಿಟ್ಟಳು. ಕಾಫಿ ಮಾಡಿಕೊಟ್ಟೆ.

"ಸಹಿ ಬಾಕಿ ಇದೆ ಮೇಡಂ," ಅಂದಳು. "ಹದಿನೇಳನೇ ಪುಟ."

ಎಡಗೈಯಲ್ಲಿ ಬರೆದಿದ್ದಳು. ಮೊದಲ ಬಾರಿಗೆ ಅಕ್ಷರ ಕಲಿತ ಮಗುವಿನ ಹಾಗೆ ದಪ್ಪ, ಸೊಟ್ಟ ಅಕ್ಷರ.

'ನಾನು ಅರವನ್ನು ಹಿಡಿದೆ. ವಿದ್ಯಾರ್ಥಿ ನನ್ನ ಕೈ ನೋಡಿದ. "ಬಿಡಿ ಮಿಸ್, ಕೊಯ್ಯುತ್ತೆ" ಎಂದ. ನಾನು ಬಿಡಲಿಲ್ಲ. ಅವನೇ ಬಿಟ್ಟ. ಅರ ಬಿತ್ತು. ಆಮೇಲೆ ಮಾರ್ಗದರ್ಶಿ ಶಿಕ್ಷಕಿ ಮೂರು ಸಲ ಹೊಡೆದರು. ಮೂರನೆಯ ಸಲ ಅವನು ಮೊಣಕಾಲ ಮೇಲಿದ್ದ.'

ನಾನು ಎರಡು ಸಲ ಓದಿದೆ. ಅವನು ಏನಂದಿದ್ದ ಎಂದು ನನಗೆ ತಿಳಿದದ್ದು ಆಗಲೇ.

"ಪೊಲೀಸರಿಗೆ ಇದನ್ನ ಹೇಳಿದ್ಯಾ?"

"ಆಪರೇಷನ್ ಆದ ದಿನ ಬಂದಿದ್ರು. ಯಾರು ತಿವಿದ್ರು ಅಂತ ಕೇಳಿದ್ರು, ಹೇಳಿದೆ. ಅರ ಯಾವಾಗ ಬಿತ್ತು ಅಂತ ಯಾರೂ ಕೇಳ್ಲಿಲ್ಲ. ಆಮೇಲೆ ನಿಮ್ಮ ಹೇಳಿಕೆ ಪೇಪರಲ್ಲಿ ಓದಿದೆ."

"ಈ ಪುಟ ಹಿಂಗೇ ಹೋದ್ರೆ ನನ್ನ ಕೆಲಸ ಹೋಗುತ್ತೆ. ಗೊತ್ತಾ?"

"ಗೊತ್ತು."

"ನಿನ್ನ ಕೈ ಹೋಗಿದ್ದು ಅವನಿಂದ. ನನ್ನಿಂದಲ್ಲ. ಅವನ ಪರ ಮಾತಾಡ್ತೀಯಲ್ಲೇ?"

"ಅವನ ಪರ ಅಲ್ಲ ಮೇಡಂ." ಅವಳು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಅವನು ತೊನಿನೊನ ಕೊಲ್ಲೋಕೇ ಹೋಗಿದ್ದ, ಸುಳ್ಳಲ್ಲ. ಅದಕ್ಕೆ ಶಿಕ್ಷೆ ಆಗ್ಲಿ. ಆದ್ರೆ ಬಿಟ್ಟಿದ್ದೂ ಅವನೇ. ಹೊಡೆದು ಬಿಡಿಸಿದ್ದು ಅಂತ ಬರೆದ್ರೆ ಎಂಟು ವರ್ಷ ಆಗುತ್ತಂತೆ. ತಾನೇ ಬಿಟ್ಟ ಅಂದ್ರೆ ಬೇರೆ ಮಾತು, ವಕೀಲರು ಹೇಳಿದ್ರು. ಕೋರ್ಟಲ್ಲಿ ಕರೆದ್ರೆ ನಾನು ಇದನ್ನೇ ಹೇಳ್ತೀನಿ. ಆದ್ರೆ ಇಪ್ಪತ್ತಾರು ವರ್ಷದ ಟೀಚರ್ ಒಂದು ಹೇಳಿ, ಮೂರು ತಿಂಗಳ ತರಬೇತಿ ಹುಡುಗಿ ಇನ್ನೊಂದು ಹೇಳಿದ್ರೆ ಯಾರ ಮಾತು ನಂಬ್ತಾರೆ, ನೀವೇ ಹೇಳಿ."

"ಸಹಿ ಹಾಕಲ್ಲ ಅಂದ್ರೆ?"

"ನನ್ನ ಗಂಟೆ ತುಂಬಲ್ಲ. ಪರೀಕ್ಷೆ ಇಲ್ಲ. ನಮ್ಮಪ್ಪನ ಅಂಗಡಿ ಇದೆ." ಅವಳು ಎದ್ದಳು. "ಬೇರೆ ಥರ ಮಾತ್ರ ಬರೆಯಲ್ಲ ಮೇಡಂ."

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಮೇಜಿನಿಂದ ಮೇಲೆದ್ದಿತ್ತು ಕೂಡ. ಅವಳು ಹಿಂದೆ ಸರಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಸುಮ್ಮನೆ ನನ್ನ ಕೈಯನ್ನು ನೋಡಿದಳು, ನಾನೂ ನೋಡಿದೆ. ಐವತ್ತೊಂದು ವರ್ಷದ ಹೆಂಗಸಿನ ಕೈ, ಸೀಮೆಸುಣ್ಣದ ಪುಡಿಯಿಂದ ಬಿರುಕು ಬಿಟ್ಟದ್ದು. ಅದನ್ನು ಕೆಳಗಿಳಿಸಲು ನನಗೆ ಬಹಳ ಹೊತ್ತು ಬೇಕಾಯಿತು.

ಅವತ್ತು ಸಹಿ ಹಾಕಲಿಲ್ಲ. ದಿನಚರಿ ಇಟ್ಟು ಹೋಗು ಅಂದೆ. ನಾಲ್ಕು ದಿನ ಅದು ಅಡಿಗೆಮನೆಯ ಮೇಜಿನ ಮೇಲಿತ್ತು. ನಾನು ಅದರ ಪಕ್ಕದಲ್ಲೇ ಉಂಡೆ. ಐದನೇ ದಿನ ಬೆಳಿಗ್ಗೆ ಸಹಿ ಹಾಕಿ, ಅದನ್ನು ತೆಗೆದುಕೊಂಡು ಸೀದಾ ಮಕ್ಕಳ ನ್ಯಾಯಾಲಯದ ಕಚೇರಿಗೆ ಹೋದೆ. ನನ್ನ ಹೇಳಿಕೆ ಬದಲಾಯಿಸಬೇಕು ಅಂದೆ. ಗುಮಾಸ್ತ ನನ್ನ ಫೋಟೋ ನೋಡಿದ್ದನೆಂದು ಕಾಣುತ್ತದೆ, "ನೀವಾ?" ಅಂದ.

ಆ ಕಚೇರಿಯ ಗೋಡೆಗಳಿಗೂ ಕಿವಿಯಿತ್ತು. ಎರಡು ದಿನಕ್ಕೆ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಬಂದರಿನ ದಂಡೆಯಲ್ಲಿ ಮಳಿ, ಅಂದರೆ ತಿನ್ನುವ ಸಮುದ್ರದ ಚಿಪ್ಪು, ಕೊಳ್ಳುತ್ತಿದ್ದೆ. ಮಳಿಚಿಪ್ಪು ಬಿಡಿಸಿ ಕೊಡುತ್ತಿದ್ದವನು ನನ್ನ ಹಳೇ ವಿದ್ಯಾರ್ಥಿ. ಪಕ್ಕದಲ್ಲಿ ಯಾರೋ ಬಂದು ನಿಂತರು. ಬಿಳೀ ಶರ್ಟು, ಸುಗಂಧದ ವಾಸನೆ. ಒರೋಂಜೊ ಕಫೋರಿಯೊ.

"ನಮಸ್ಕಾರ ಟೀಚರಮ್ಮ. ನನ್ನ ಮಗನ ಪ್ರಾಣ ಉಳಿಸಿದ್ರಿ ಅಂತ ಹೂವು ಕಳಿಸಿದ್ದೆ. ಬಂತಾ?"

"ಬಂತು."

"ಈಗ ಏನೋ ನೆನಪು ಬದಲಾಗಿದೆಯಂತೆ?"

"ಬದಲಾಗಿಲ್ಲ. ಆಗಿದ್ದೇ ಹೇಳಿದೀನಿ."

ಅವನು ಹಣೆಯಿಂದ ನನ್ನ ಮುಖಕ್ಕೆ ಗುದ್ದಿದ. ಮೂಗಿನೊಳಗೆ ಚಟಾರನೆ ಏನೋ ಮುರಿಯಿತು. ನಾನು ಮಳಿಯ ಬುಟ್ಟಿಯ ಮೇಲೆ ಬಿದ್ದೆ, ಚಿಪ್ಪುಗಳು ಬೆನ್ನಿಗೆ ಚುಚ್ಚಿದವು. ಎದ್ದೇಳಲು ಹೋದಾಗ ಬೂಟುಗಾಲಿನಿಂದ ಪಕ್ಕೆಗೆ ಒದ್ದ. ಇನ್ನೊಮ್ಮೆ ಒದ್ದ. ಬಾಯಲ್ಲಿ ರಕ್ತ, ಒಂದು ಹಲ್ಲು. ನಾನು ತಲೆ ಮುಚ್ಚಿಕೊಂಡು ಮೊಣಕಾಲ ಮೇಲೆ ಕೂತೆ. ಮುಂದಿನ ಒದೆತಕ್ಕೆ ಕಾಯುವುದು ಒದೆತಕ್ಕಿಂತ ಕಷ್ಟ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಕೋರ್ಟಿಗೆ ಮೊದಲಿಂದು ಹೇಳಿ. ಅದು ಚೆನ್ನಾಗಿತ್ತು," ಅಂದ ಅವನು. ಶರ್ಟಿನ ತೋಳು ಸರಿಮಾಡಿಕೊಂಡು ಹೋದ.

ದಂಡೆಯ ಮೇಲೆ ಹದಿನೈದು ಜನ ಇದ್ದರು. ನನ್ನ ಹಳೇ ವಿದ್ಯಾರ್ಥಿ ಚಾಕು ಒರೆಸುತ್ತ ನೀರಿನ ಕಡೆ ನೋಡುತ್ತಿದ್ದ. "ನೀನು ನೋಡಿದೆ ತಾನೆ?" ಅಂದೆ, ಮೂಗಿನಿಂದ ರಕ್ತ ಸುರಿಯುತ್ತಿತ್ತು. "ಮೇಡಂ," ಅಂದ ಅವನು ಮೆಲ್ಲಗೆ, "ನನಗೆ ಇಬ್ಬರು ಮಕ್ಕಳಿದ್ದಾರೆ." ಒದ್ದೆ ಬಟ್ಟೆ ಕೊಟ್ಟ. ಮಳಿಗೆ ದುಡ್ಡು ಬೇಡ ಅಂದ. ಅವನಿಗೆ ನಾನು ಮೂರು ವರ್ಷ ಪಾಠ ಹೇಳಿದ್ದೆ. ಅವನ ಮೇಲೆ ಕೋಪ ಬರಲಿಲ್ಲ.

ಜೂನ್ ಮೊದಲ ವಾರ ವಿಚಾರಣೆ. ಮೂಗಿಗೆ ಪಟ್ಟಿ ಅಂಟಿಸಿಕೊಂಡೇ ಹೋದೆ. ಒಳಗೆ ಎಜಿದಿಯೊ ಇಬ್ಬರು ಪೊಲೀಸರ ನಡುವೆ ಕೂತಿದ್ದ, ಸೊರಗಿದ್ದ. ನ್ಯಾಯಾಧೀಶೆ ಮಾತಾಡಿದಾಗಲೆಲ್ಲ ಬಲಗಿವಿ ಮುಂದೆ ಮಾಡುತ್ತಿದ್ದ. ಅದನ್ನು ನೋಡಲಾರದೆ ನಾನು ನೆಲ ನೋಡಿದೆ.

"ಅಂದರೆ ನಿಮ್ಮ ಮೊದಲ ಹೇಳಿಕೆ ಸುಳ್ಳೇ?" ಎಂದು ಕೇಳಿದರು ನ್ಯಾಯಾಧೀಶೆ.

"ಸುಳ್ಳು."

"ಯಾಕೆ ಹೇಳಿದಿರಿ?"

"ಮೂರು ಸಲ ಹೊಡೆದಿದ್ದೆ. ಅದಕ್ಕೆ ಒಂದು ಕಾರಣ ಬೇಕಿತ್ತು."

"ಆತ ಆಗ ನಿರಾಯುಧನಾಗಿದ್ದನೇ?"

"ಕೈ ಖಾಲಿ ಇತ್ತು. ನನಗೆ ಕಾಣ್ತಿತ್ತು."

ನಿಕ್ಲಾ ನನ್ನ ನಂತರ ಹೇಳಿದಳು. ಪುಟದಲ್ಲಿದ್ದಷ್ಟೇ ಹೇಳಿದಳು, ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ನ್ಯಾಯಾಧೀಶೆ ಕೈ ತೋರಿಸಿ ಅಂದಾಗ ತೋರಿಸಿದಳು. ಉಂಗುರದ ಬೆರಳು, ಕಿರುಬೆರಳು ಎರಡೂ ಮಡಿಚಿಕೊಂಡೇ ಇದ್ದವು. ಎಜಿದಿಯೊ ಆಗ ಅತ್ತ. ಸದ್ದಿಲ್ಲದೆ, ಹಲ್ಲು ಕಚ್ಚಿಕೊಂಡು.

ಅವನಿಗೆ ಜೈಲು ತಪ್ಪಿತು. ಮೂರು ವರ್ಷ ಬೇರೆ ಊರಿನ ಆಶ್ರಮವೊಂದರಲ್ಲಿ, ಪಾದ್ರಿಗಳ ಉಸ್ತುವಾರಿಯಲ್ಲಿ, ಮರಗೆಲಸ ಕಲಿಯುತ್ತ ಇರಬೇಕು. ನಡತೆ ಸರಿಯಿದ್ದರೆ ಶಿಕ್ಷೆಯಿಲ್ಲ. ತಾರಾಂತೊದಿಂದ ದೂರ ಇದ್ದದ್ದೇ ಅವನ ಜೀವ ಉಳಿಸಿತು ಎಂದು ಆಮೇಲೆ ಎಲ್ಲರೂ ಅಂದರು. ಆ ಬೇಸಿಗೆಯಲ್ಲಿ ಕಫೋರಿಯೊ ಕಡೆಯವರೂ ಇನ್ನೊಂದು ಗುಂಪಿನವರೂ ಪರಸ್ಪರ ಆರು ಜನರನ್ನು ಕೊಂದರು. ಆಗಸ್ಟಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಒರೋಂಜೊನನ್ನು ಮುಖಕ್ಕೆ ಸೋಪು ಹಚ್ಚಿದ ಹಾಗೇ ಹೊಡೆದು ಹಾಕಿದರು. ಸುದ್ದಿ ಕೇಳಿದಾಗ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ತೊನಿನೊನ ಕತ್ತಿನ ಗಾಯದ ಕಲೆ ಇನ್ನೂ ಕೆಂಪಗೇ ಇತ್ತು, ಅಷ್ಟರಲ್ಲಿ ಅವನೂ ಒಬ್ಬ ಸತ್ತವನ ಮನೆಯ ಹುಡುಗನಾದ.

ವಿಚಾರಣೆಯ ದಿನ ಹೊರಗಿನ ಮೊಗಸಾಲೆಯಲ್ಲಿ ಎಜಿದಿಯೊನ ತಾಯಿ ಅದ್ದೊಲೊರಾತಾ ನನ್ನ ಹತ್ತಿರ ಬಂದಳು. ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು, ನೋಡಲು ದೊಡ್ಡವಳು. ಕೃತಜ್ಞತೆ ಹೇಳುತ್ತಾಳೆ ಎಂದು ನಾನು, ನಾಚಿಕೆಯಿಲ್ಲದೆ, ಕಾದೆ.

"ಶರ್ಟು ಪೊಲೀಸರ ಹತ್ರ ಇದೆ," ಅಂದಳು.

"ಏನಮ್ಮ?"

"ನನ್ನ ದೊಡ್ಡ ಮಗನ ಶರ್ಟು. ನಾನು ಮನೇಲಿಟ್ಕೊಂಡಿದೀನಿ ಅಂತ ಊರೆಲ್ಲ ಹೇಳುತ್ತೆ. ಮೂರು ಸಲ ಹೋಗಿ ಕೇಳಿದೆ, ಕೊಡ್ಲಿಲ್ಲ. ಕೊಟ್ಟಿದ್ರೆ ಅವತ್ತೇ ಒಗೆದು ಮಡಚಿಡ್ತಿದ್ದೆ. ನಿಮ್ಮ ಪಾಠದಲ್ಲಿರೋ ಆ ತಾಯಿ ನಾನಲ್ಲ. ನನ್ನ ಚಿಕ್ಕ ಮಗನಿಗೆ ಯಾರನ್ನೂ ಕೊಲ್ಲು ಅಂತ ನಾನು ಹೇಳಿಲ್ಲ." ಅವಳು ನನ್ನ ಮೂಗಿನ ಪಟ್ಟಿಯನ್ನು ನೋಡಿದಳು. "ನಿಜ ಹೇಳಿದ್ರಿ, ಒಳ್ಳೇದು. ಅವನ ಕಿವಿ ಬರುತ್ತಾ?"

"ಇಲ್ಲ."

"ಹಂಗಾದ್ರೆ ಆಯ್ತು," ಅಂದು ಅವಳು ಹೊರಟುಹೋದಳು.

ನಿಕ್ಲಾ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳ ಮುಖ ಸುಣ್ಣದ ಹಾಗಾಗಿತ್ತು. ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. "ಆ ಪಾಠ ಮಾಡಬಾರದಿತ್ತು," ಅಂದಳು ಕೊನೆಗೆ. ಅವತ್ತು ಹುಡುಗರು ಬರೆದ ಹಾಳೆಗಳಲ್ಲಿ ರಕ್ತ ತಾಗಿದವನ್ನು ಬಿಟ್ಟು ಉಳಿದವು ನನ್ನ ಹತ್ತಿರ ಇದ್ದವು. ಒಟ್ಟು ಹತ್ತೊಂಬತ್ತು. ಹದಿಮೂರು ಹುಡುಗರು ತಮ್ಮನ ಕೈಯಿಂದ ಚಾಕು ಬಾವಿಗೆ ಎಸೆಯಿಸಿದ್ದರು. ಅದನ್ನು ಅವಳಿಗೆ ಹೇಳಿದೆ. ಅವಳು ರಸ್ತೆಯ ಮಧ್ಯೆ ನಿಂತಳು.

"ಎಜಿದಿಯೊ?"

"ಅವನ ಹಾಳೆ ಪೊಲೀಸರು ತಗೊಂಡು ಹೋದ್ರು. ನಾನು ಓದಿಲ್ಲ."

ಅವಳು ಜುಲೈಯಲ್ಲಿ ಪರೀಕ್ಷೆ ಪಾಸಾದಳು. ಈಗ ಬೆಟ್ಟದ ಮೇಲಿನ ಯಾವುದೋ ಊರಿನಲ್ಲಿ ಎಡಗೈಯಿಂದ ಬೋರ್ಡು ಬರೆಯುತ್ತಾಳೆ ಎಂದು ಕೇಳಿದ್ದೇನೆ. ನನಗೆ ಫೋನು ಮಾಡುವುದಿಲ್ಲ. ಯಾಕೆ ಮಾಡಬೇಕು?

ನನಗೆ ಆರು ತಿಂಗಳ ಅಮಾನತು. ತರಬೇತಿಯವರನ್ನು ಇನ್ನು ಮುಂದೆ ನನ್ನ ಬಳಿ ಕಳಿಸಬಾರದೆಂದು ಆದೇಶ. ಮುಂದಿನ ವರ್ಷ ವಾಪಸ್ಸು ಹೋದೆ. ಹೊಸ ಹುಡುಗರು, ಹದಿನಾಲ್ಕು ವರ್ಷದವರು, ಅದೇ ಬಡಾವಣೆಯವರು. ಮೊದಲ ದಿನ ಪಾಠ ಶುರುಮಾಡಿ, ಗಾಳಿ ಬರಲಿ ಕಿಟಕಿ ತೆರೆಯಿರಿ ಎಂದು ತೋರಿಸಲು ಕೈ ಎತ್ತಿದೆ. ಮುಂದಿನ ಬೆಂಚಿನ ಹುಡುಗ, ನಾನು ಎಂದೂ ಮುಟ್ಟಿರದ ಹುಡುಗ, ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು ಡೆಸ್ಕಿಗೆ ಬಗ್ಗಿದ.

ಯಾರೂ ನಗಲಿಲ್ಲ. ನಾನು ಕೈ ಇಳಿಸಿದೆ. ಅವನ ಹೆಸರು ಕೇಳಿದೆ. ಅವನು ತೋಳು ತೆಗೆಯಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಡೆಸ್ಕಿನ ಈ ಕಡೆ, ಅವನಿಗಿಂತ ತಗ್ಗಿನಲ್ಲಿ ಕೂತೆ, ಕೈಗಳೆರಡನ್ನೂ ಡೆಸ್ಕಿನ ಮೇಲೆ ಅಂಗಾತ ಇಟ್ಟೆ. ಅವನು ತಲೆಯೆತ್ತುವ ಹೊತ್ತಿಗೆ ಗಂಟೆ ಹೊಡೆಯಿತು. ಆ ದಿನ ಪಾಠವಾಗಲಿಲ್ಲ.